ಪದಚರ್ಚೆ: ಪುಣ್ಯಸ್ಥಳದಲ್ಲಿ ನಡೆಯುವ ಕಲೆಯನ್ನು ‘ಪ್ರದರ್ಶನ’ ಎನ್ನಬಹುದೇ?

ಮಾನ್ಯರೇ,

ದೃಶ್ಯಕಲೆಗೆ ಸಂಬಂಧಿಸಿದ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಕಲಾವಿದರು ಕ್ಯಾನ್ವಾಸನ್ನೂ ಕಲ್ಲನ್ನೂ ಬಿಟ್ಟು ತಮ್ಮ ದೇಹವನ್ನೇ ಮಾಧ್ಯಮವಾಗಿಸಿಕೊಂಡು, ಜನರು ಪವಿತ್ರವೆಂದು ನಂಬಿದ ಸಾರ್ವಜನಿಕ ಜಾಗವೊಂದರಲ್ಲಿ, ಪೂಜೆಯ ಅಥವಾ ತಪಸ್ಸಿನ ಭಾವದಿಂದ ಒಂದು ಕ್ರಿಯೆಯನ್ನು ನಡೆಸಿದರೆ ಅದನ್ನು ಏನೆಂದು ಕರೆಯಬೇಕು? ಪರ್ಫಾರ್ಮೆನ್ಸ್ ಆರ್ಟ್ ಎಂಬುದಕ್ಕೆ ‘ಪ್ರದರ್ಶನ ಕಲೆ’ ಎಂದು ಬರೆಯುವ ರೂಢಿಯಿದೆ. ಸಂಗೀತ, ನೃತ್ಯ, ನಾಟಕಗಳನ್ನು ಒಟ್ಟಾಗಿ ಸೂಚಿಸಲು ಇದೇ ಮಾತು ಬಳಕೆಯಲ್ಲಿರುವುದರಿಂದ ಗೊಂದಲ ಮೊದಲಿನಿಂದಲೂ ಇದೆ. ಸಾಲದ್ದಕ್ಕೆ ಚಿತ್ರಗಳನ್ನು ಗೋಡೆಗೆ ತೂಗುಹಾಕಿದರೂ ಅದು ಪ್ರದರ್ಶನವೇ. ಆದರೆ ನನ್ನ ಆಕ್ಷೇಪ ಬೇರೆ ಕಡೆಯಿಂದ ಬಂದದ್ದು.

ಕನ್ನಡದಲ್ಲಿ ಇಂಥ ನಾಮಪದಗಳ ಸ್ವಭಾವ ಅವುಗಳ ಜೊತೆಗೆ ಬರುವ ಕ್ರಿಯಾಪದದಿಂದ ತಿಳಿಯುತ್ತದೆ. ಪ್ರದರ್ಶನವನ್ನು ಕೊಡುತ್ತೇವೆ, ಸೇವೆಯನ್ನು ಸಲ್ಲಿಸುತ್ತೇವೆ, ಹರಕೆಯನ್ನು ಒಪ್ಪಿಸುತ್ತೇವೆ, ವ್ರತವನ್ನು ಹಿಡಿಯುತ್ತೇವೆ. ಕೊಡುವುದು ನೋಡುಗರಿಗೆ; ಸಲ್ಲಿಸುವುದೂ ಒಪ್ಪಿಸುವುದೂ ನಮಗಿಂತ ಮೇಲಿನವರಿಗೆ; ಹಿಡಿಯುವುದಕ್ಕೆ ಎದುರಿನಲ್ಲಿ ಯಾರೂ ಇರಬೇಕಾಗಿಲ್ಲ. ಕರಾವಳಿಯಲ್ಲಿ ಯಕ್ಷಗಾನವನ್ನು ಹರಕೆಯಾಗಿ ಆಡಿಸುವವರು ಅದನ್ನು ಸೇವೆಯಾಟವೆನ್ನುತ್ತಾರೆ, ಮತ್ತು ಬೆಳಗಿನ ಜಾವಕ್ಕೆ ಜನ ಕರಗಿಹೋದರೂ ಮಂಗಳ ಹಾಡದೆ ಆಟವನ್ನು ಮುಗಿಸುವಂತಿಲ್ಲ. ಆಟ ಸಲ್ಲಬೇಕಾದದ್ದು ಬೇರೆಯವರಿಗೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದಿರುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ, ಪ್ರದರ್ಶನ ಕಲೆಯೆಂದು ಪ್ರಸಿದ್ಧವಾಗಿರುವ ಹಲವು ಕೃತಿಗಳು ಪ್ರದರ್ಶನಗಳಾಗಿ ಉಳಿಯುವುದಿಲ್ಲ. ತೈವಾನ್ ಮೂಲದ ಕಲಾವಿದ ಟೆಚಿಂಗ್ ಶೇ ಅವರು 1980ರ ಏಪ್ರಿಲ್ 11ರಿಂದ ಮುಂದಿನ ಏಪ್ರಿಲ್ 11ರವರೆಗೆ, ನ್ಯೂಯಾರ್ಕಿನ ತಮ್ಮ ಕೋಣೆಯಲ್ಲಿ, ಹಗಲೂ ರಾತ್ರಿಯೂ ಕೆಲಸಗಾರರು ಬಂದ ಹೊತ್ತನ್ನು ಚೀಟಿಯ ಮೇಲೆ ಅಚ್ಚೊತ್ತುವಂಥ ಹಾಜರಿ ಗಡಿಯಾರಕ್ಕೆ ಗಂಟೆಗೊಮ್ಮೆ ಚೀಟಿ ಒತ್ತುವ ನಿಯಮವನ್ನು ಕೈಗೊಂಡರು. 1983ರ ಜುಲೈ 4ರಿಂದ ಮತ್ತೊಂದು ವರ್ಷ ಅವರೂ ಅಮೆರಿಕದ ಕಲಾವಿದೆ ಲಿಂಡಾ ಮೊಂಟಾನೊ ಅವರೂ 8 ಅಡಿ ಉದ್ದದ ಹಗ್ಗದಿಂದ ಸೊಂಟಕ್ಕೆ ಸೊಂಟ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಮುಟ್ಟಬಾರದೆಂಬ ಕಟ್ಟುಪಾಡಿನಲ್ಲಿ ಬದುಕಿದರು. ಪ್ರತಿಯೊಂದಕ್ಕೂ ಮೊದಲು, ಎಂದಿನಿಂದ ಎಂದಿನವರೆಗೆ, ಏನನ್ನು ಮಾಡುತ್ತೇವೆ, ಏನನ್ನು ಮಾಡುವುದಿಲ್ಲ ಎಂದು ಬರೆದು ಸಹಿ ಹಾಕಿದ ಹೇಳಿಕೆಯೊಂದು ಹೊರಬೀಳುತ್ತಿತ್ತು. ದೇಶಕಾಲಗಳನ್ನು ಉಚ್ಚರಿಸಿ, ಹೆಸರು ಹೇಳಿ, ಮಾಡಲಿರುವ ಕರ್ಮವನ್ನು ಹೆಸರಿಸುವ ನಮ್ಮ ಸಂಕಲ್ಪದ ಅಚ್ಚು ಇದೇ ಅಲ್ಲವೇ? ಇದನ್ನು ಓದಿದ ಕನ್ನಡಿಗನಿಗೆ ತಟ್ಟನೆ ಹೊಳೆಯುವ ಪದ ‘ವ್ರತ’. ಹಾಗೆಯೇ 1988ರಲ್ಲಿ, ಬಾಳಿನಲ್ಲೂ ಕಲೆಯಲ್ಲೂ ಸಂಗಾತಿಗಳಾಗಿದ್ದ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಅವರು ಚೀನಾದ ಮಹಾಗೋಡೆಯ ಮೇಲೆ ಎರಡು ದಿಕ್ಕುಗಳಿಂದ 90 ದಿನ ನಡೆದು ಬಂದು, ನಡುವೆ ಸಂಧಿಸಿ, ತಮ್ಮ ಸಂಬಂಧವನ್ನು ಮುಗಿಸಿಕೊಂಡದ್ದನ್ನು ‘ಯಾತ್ರೆ’ ಎನ್ನದೆ ‘ಪ್ರದರ್ಶನ’ ಎಂದರೆ, ಯಾರಿಗೆ ತೋರಿಸಿದರು ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಏಳದಿರದು.

ಅದೇ ಅಬ್ರಮೋವಿಚ್ 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ದಿನಗಟ್ಟಲೆ ಕುರ್ಚಿಯಲ್ಲಿ ಮೌನವಾಗಿ ಕುಳಿತರು. ಎದುರಿನ ಕುರ್ಚಿಗೆ ಒಬ್ಬೊಬ್ಬರಾಗಿ ಬಂದು ಕುಳಿತವರಲ್ಲಿ ಹಲವರು ಕಣ್ಣೀರಿಟ್ಟರು. ಅದು ದೇವಾಲಯವಲ್ಲದಿದ್ದರೂ, ಸರದಿಯಲ್ಲಿ ಕಾದು ನಿಂತವರನ್ನು ಪ್ರೇಕ್ಷಕರೆನ್ನಲು ನನಗೆ ಮನಸ್ಸು ಬರುವುದಿಲ್ಲ; ಅವರು ಬಂದದ್ದು ದರ್ಶನಕ್ಕೆ. ಕಲಾವಿದೆ ಮಾಡಿದ್ದನ್ನು ಹೇಳಲಿಕ್ಕೆ ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಸಿದ್ಧವಾದ ನುಡಿಯೇ ಇದೆ: ‘ಸಾನ್ನಿಧ್ಯ ವಹಿಸುವುದು’. ಅಧ್ಯಕ್ಷತೆ ವಹಿಸಿದವರು ಮಾತನಾಡಲೇಬೇಕು, ಸಾನ್ನಿಧ್ಯ ವಹಿಸಿದವರು ಬಂದು ಕುಳಿತರೆ ಸಾಕು. (ಬಹುಪಾಲು ಅವರೂ ಮಾತನಾಡುತ್ತಾರೆಂಬುದು ಬೇರೆ ಮಾತು.)

ಜಾಗ ನಿಜವಾಗಿಯೂ ಪವಿತ್ರವಾದಾಗ ಪದದ ಆಯ್ಕೆಗೆ ಬೇರೆಯೇ ತೂಕ ಬರುತ್ತದೆ. 2012ರ ಫೆಬ್ರುವರಿ 21ರಂದು ಮಾಸ್ಕೋದ ರಕ್ಷಕ ಕ್ರಿಸ್ತನ ಮಹಾಮಂದಿರದಲ್ಲಿ ಪುಸ್ಸಿ ರಯಟ್ ಎಂಬ, ಪಂಕ್ ಎನ್ನುವ ಬಂಡಾಯದ ರಾಕ್ ಸಂಗೀತದ ಮೂಲಕ ಪ್ರತಿಭಟಿಸುವ ತಂಡದ ಯುವತಿಯರು ಬಣ್ಣದ ಮುಸುಕು ಧರಿಸಿ, ಮೇರಿಮಾತೆಯನ್ನು ಸಂಬೋಧಿಸಿ ಹಾಡಿ ಕುಣಿದರು. ಕೆಲವೇ ಕ್ಷಣಗಳಲ್ಲಿ ಅವರನ್ನು ಹೊರಹಾಕಲಾಯಿತು. ಅವರು ಅದನ್ನು ಪಂಕ್ ಪ್ರಾರ್ಥನೆ ಎಂದು ಕರೆದರು. ನ್ಯಾಯಾಲಯ ಅದನ್ನು ಧಾರ್ಮಿಕ ದ್ವೇಷದಿಂದ ಪ್ರೇರಿತವಾದ ಪುಂಡಾಟವೆಂದು ತೀರ್ಮಾನಿಸಿ ಮೂವರಿಗೆ 2 ವರ್ಷಗಳ ಸೆರೆವಾಸ ವಿಧಿಸಿತು. ಇಲ್ಲಿ ಅನುವಾದಕನು ‘ಪ್ರಾರ್ಥನೆ’ ಎಂದರೂ ‘ಪುಂಡಾಟ’ ಎಂದರೂ ಒಂದು ಪಕ್ಷದ ಪರವಾಗಿ ನಿಂತಂತಾಗುತ್ತದೆ, ‘ಪ್ರದರ್ಶನ’ ಎಂದರೆ ಜಗಳವೇ ಕಾಣದಂತೆ ಮುಚ್ಚಿಹೋಗುತ್ತದೆ. ಅಂಥ ಕಡೆ ಎರಡೂ ಪಕ್ಷಗಳು ಬಳಸಿದ ಪದಗಳನ್ನು ಅವರವರ ಬಾಯಿಂದಲೇ ಹೇಳಿಸುವುದು ಪ್ರಾಮಾಣಿಕವೆಂದು ನನ್ನ ಎಣಿಕೆ.

ಇಷ್ಟೆಲ್ಲ ಒಂದೊಂದು ಕೃತಿಯ ಮಾತಾಯಿತು. ಇಡೀ ಪ್ರಕಾರಕ್ಕೆ ಒಂದು ಹೆಸರು ಬೇಕಾದಾಗ ‘ಆಚರಣಾ ಕಲೆ’ ಎಂದು ಕೆಲವರು ಸೂಚಿಸಬಹುದು. ಆದರೆ ಸ್ವಾತಂತ್ರ್ಯೋತ್ಸವವನ್ನೂ ಹುಟ್ಟುಹಬ್ಬವನ್ನೂ ಆಚರಿಸಿ ಆಚರಿಸಿ ಆ ಪದ ಸವೆದಿದೆ. ‘ವಿಧಿ’ಯಲ್ಲಿ ಕಲಾವಿದನಿಗೆ ಕೈಯಾಡಿಸಲು ಜಾಗವಿಲ್ಲ. ನನ್ನ ಒಲವು ‘ಪ್ರಯೋಗ’ದ ಕಡೆಗೆ. ನಾಟ್ಯಶಾಸ್ತ್ರದಲ್ಲಿ ರಂಗದ ಮೇಲೆ ಆಡಿ ತೋರಿಸುವುದಕ್ಕೆ ಇದೇ ಪದವಿದೆ, ಮತ್ತು ಅದೇ ಗ್ರಂಥ ರಂಗದೇವತೆಗಳ ಪೂಜೆಯನ್ನು ಯಜ್ಞಕ್ಕೆ ಸಮಾನವೆನ್ನುತ್ತದೆ. ‘ನಾಟಕದ ಮೊದಲ ಪ್ರಯೋಗ’ ಎಂದು ನಾವು ಇಂದಿಗೂ ಹೇಳುತ್ತೇವೆ. ಇನ್ನೊಂದೆಡೆ ಪುರೋಹಿತರ ಕೈಪಿಡಿಗಳಲ್ಲಿ ಒಂದು ಕರ್ಮವನ್ನು ಮೊದಲಿನಿಂದ ಕೊನೆಯವರೆಗೆ ನಡೆಸುವ ಕ್ರಮಕ್ಕೂ ಪ್ರಯೋಗವೆಂದೇ ಹೆಸರು. ರಂಗಕ್ಕೂ ಕರ್ಮಕ್ಕೂ ಸಮನಾಗಿ ಸಲ್ಲುವ ಬೇರೊಂದು ಪದ ನನಗೆ ಕಂಡಿಲ್ಲ. ಅಡ್ಡಿಯೆಂದರೆ, ಸಾಮಾನ್ಯ ಓದುಗರ ಕಿವಿಯಲ್ಲಿ ಅದು ಮೊದಲು ಪ್ರಯೋಗಾಲಯವನ್ನು ನೆನಪಿಸುತ್ತದೆ. ಮಾಟಮಂತ್ರದ ನೆರಳೂ ಅದರ ಮೇಲೆ ತುಸು ಬಿದ್ದಿದೆ.

ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ಕರ್ಮದ ಕ್ರಮ ಎಂಬ ಅರ್ಥದಲ್ಲಿ ‘ಪ್ರಯೋಗ’ ಪುರೋಹಿತವರ್ಗದ ಹೊರಗೆ, ಆಡುಮಾತಿನಲ್ಲಿ ಎಲ್ಲಿಯಾದರೂ ಜೀವಂತವಾಗಿದೆಯೇ? ಮತ್ತು ಇಂಥ ಕೃತಿಯ ಸುತ್ತ ನೆರೆದು, ಭಕ್ತರೂ ಆಗದೆ ಬರೀ ನೋಡುಗರೂ ಆಗದೆ ನಿಂತವರಿಗೆ ‘ಸಾಕ್ಷಿಗಳು’ ಎಂದರೆ ನ್ಯಾಯಾಲಯದ ವಾಸನೆ ಹೊಡೆಯುವುದೇ, ಅಥವಾ ಅಗ್ನಿಸಾಕ್ಷಿ, ಮನಸ್ಸಾಕ್ಷಿಗಳ ಬಲದಿಂದ ಅದು ಒಪ್ಪಿತವಾದೀತೇ?