ಹೆಂಚು ಉಳಿಸಿಕೊಳ್ಳುವುದಾ, ಷೀಟ್ ಹಾಕಿಸುವುದಾ? ಅನುಭವ ಇದ್ದವರು ಹೇಳಿ

ಹೊಸನಗರದ ಹುಡುಗ
ಎಲ್ಲರಿಗೂ ನಮಸ್ಕಾರ. ಊರಲ್ಲಿ ಅಜ್ಜ ಕಟ್ಟಿಸಿದ ಹೆಂಚಿನ ಮನೆ ಇದೆ, ಹನ್ನೆರಡು ಚದರ. ಅಪ್ಪ ಅಮ್ಮ ಇಬ್ಬರೇ ಇರುವುದು, ನಾನು ಬೆಂಗಳೂರಲ್ಲಿ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಲು, ಅಂದರೆ ಒಡೆದದ್ದು ಬದಲಿಸಿ ಮತ್ತೆ ಹೊದಿಸಲು, ಜನ ಸಿಗುವುದಿಲ್ಲ. ಸಿಕ್ಕಿ ಮಾಡಿಸಿದರೂ ಮಂಗಗಳು ಬಂದು ಮತ್ತೆ ಒಡೆಯುತ್ತವೆ. ಅಡುಗೆ ಮನೆ ಮೇಲಿನ ಪಶ್ಚಿಮದ ಮಾಡು (ಇಳಿಜಾರು ಚಾವಣಿ) ಜೋರು ಸೋರುತ್ತದೆ, ಉಳಿದ ಕಡೆ ಪರವಾಗಿಲ್ಲ. ಪೂರ್ತಿ ತೆಗೆದು ತಗಡಿನ ಷೀಟ್ ಹಾಕಿಸೋಣ ಅಂತ ಅಣ್ಣ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಬಜೆಟ್ ನಾಲ್ಕು ಲಕ್ಷದ ಒಳಗೆ. ಮಾಡಿಸಿದವರು ದಯವಿಟ್ಟು ಹೇಳಿ.

ತುಂಗಾ ತೀರ
ಷೀಟ್ ಹಾಕಿಸಿ, ಯೋಚನೆ ಮಾಡಬೇಡಿ. ನಾವು ತೀರ್ಥಹಳ್ಳಿ ಕಡೆಯವರು, 2021ರಲ್ಲಿ ಹಾಕಿಸಿದೆವು. ಖರ್ಚು ಬರೆದುಕೊಳ್ಳಿ. ಸೂರು ಸೇರಿ 1,900 ಚದರಡಿ ಬಂತು. ಮೊದಲು ಮಾತಾಡಿದ ರೇಟು ಅಡಿಗೆ 165. ಅಡ್ವಾನ್ಸ್ ಕೊಟ್ಟ ಮೇಲೆ ಕಬ್ಬಿಣ ಏರಿತು ಅಂತ 185 ಮಾಡಿದರು. ಅಲ್ಲಿಗೆ 3,51,500. ಹೆಂಚು ಇಳಿಸಿದ ಕೂಲಿ 14,000. ಹಳೇ ಪಕ್ಕಾಸು (ಮಾಡು ಹೊರುವ ಇಳಿಜಾರು ಮರದ ತೊಲೆ) ಕಳಚಿ ಕೊಟ್ಟಿಗೆ ಹಿಂದೆ ಜೋಡಿಸಿದ್ದಕ್ಕೆ 6,500. ಮಣ್ಣಿನ ಗೋಡೆ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕದೆ ಪೈಪು ನಿಲ್ಲುವುದಿಲ್ಲ ಅಂತ ಮಾಡು ಬಿಚ್ಚಿಟ್ಟ ಮೇಲೆ ಹೇಳಿದರು, ಅದಕ್ಕೆ 48,000. ನೀರು ಹೋಗುವ ದೋಣಿ, ಪೈಪು 22,000. ಒಟ್ಟು 4,42,000.

ಇಷ್ಟು ಕೊಟ್ಟ ಮೇಲೂ ಷೀಟ್ ಬಂದಾಗ ನೋಡಿದರೆ 0.35 ಎಂಎಂ. ನಾವು ಒಪ್ಪಿದ್ದು 0.5. ಲಾರಿ ವಾಪಸ್ ಕಳಿಸಿದೆ, ಅರ್ಧ ದಿನ ಬಾಯಿ ಜಗಳ ಆಯಿತು. ಎರಡನೇ ಮಳೆಗಾಲಕ್ಕೆ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರಿದು ಹನಿ ಶುರುವಾಯಿತು. ಎಲ್ಲ ಬಿಚ್ಚಿಸಿ ಒಳ್ಳೇ ವಾಷರ್ ಹಾಕಿಸಿದ್ದಕ್ಕೆ ಇನ್ನೊಂದು 11,000. ಅಲ್ಲಿಂದ ಈಚೆಗೆ ಒಂದು ಹನಿ ಇಲ್ಲ.

ನಮ್ಮ ಅಪ್ಪನಿಗೆ ಎಪ್ಪತ್ತು ದಾಟಿದೆ. ಜುಲೈ ಮಳೆಯಲ್ಲಿ ಏಣಿ ಇಟ್ಟು ಜಾರುವ ಮಾಡು ಹತ್ತುತ್ತಿದ್ದರು. ಅದನ್ನು ಫೋನಲ್ಲಿ ಕೇಳಿದ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಮನೆಯಲ್ಲಿ ಏಣಿಯ ಮಾತೇ ಇಲ್ಲ. ನನಗೆ ಅಷ್ಟು ಸಾಕು.

ಸೋಗೆ ಮನೆ
ದಯವಿಟ್ಟು ಹೆಂಚು ತೆಗೆಯಬೇಡಿ. ತೆಗೆದವರೆಲ್ಲ ಮಾರ್ಚ್ ಬಂದ ಕೂಡಲೇ ಜಗುಲಿಯಲ್ಲಿ ಕೂರಲಾಗದೆ ಒದ್ದಾಡುವುದನ್ನು ನೋಡುತ್ತಿದ್ದೇನೆ. ಮಳೆಗಾಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಟಿವಿ ಇಟ್ಟುಕೊಂಡು ಏನು ಪ್ರಯೋಜನ.

ನಮ್ಮದು ಸಿದ್ದಾಪುರ ತಾಲ್ಲೂಕು. ನಮ್ಮಲ್ಲಿ ಹೆಂಚಿಗೆ ಏನೂ ಆಗಿರಲಿಲ್ಲ, ಹೋಗಿದ್ದು ಮರ. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪಿಗೆ ಒರಲೆ ಹಿಡಿದು ಮುಟ್ಟಿದರೆ ಪುಡಿ ಉದುರುತ್ತಿತ್ತು. ಪಕ್ಕಾಸು ಮತ್ತಿ ಮರದ್ದು, ಗಟ್ಟಿ ಇದ್ದರೂ ತುದಿ ತುದಿಯಲ್ಲಿ ನೀರು ಕುಡಿದು ಕೊಳೆತಿತ್ತು. ಗೇರೆಣ್ಣೆ ಬಳಿದು ಕೆಲವು ವರ್ಷ ತಳ್ಳಿದೆವು. ಆಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಚೌಕಟ್ಟು ಮಾಡಿಸಿ ಅದರ ಮೇಲೆ ಅದೇ ಹಳೇ ಹೆಂಚು ಹೊದಿಸಿದೆವು. ಪೈಪು 3,800 ಕೆಜಿ, ಕೆಜಿಗೆ 82ರಂತೆ 3,11,600. ವೆಲ್ಡಿಂಗ್ ಕೂಲಿ ಕೆಜಿಗೆ 22, ಅದು 83,600. ಇಳಿಸುವಾಗ ನಾನೂರರ ಹತ್ತಿರ ಹೆಂಚು ಒಡೆದವು, ಮನೆ ಕೆಡವಿದ ಒಂದು ಕಡೆಯಿಂದ ಒಂದಕ್ಕೆ 12 ಕೊಟ್ಟು ತಂದೆವು, ಗಾಡಿ ಬಾಡಿಗೆ 3,500. ಪಾಚಿ ತೊಳೆದದ್ದಕ್ಕೆ 9,000.

ವೆಲ್ಡಿಂಗಿನವರು ರೀಪಿನ ಪೈಪಿನ ಅಂತರ ಅರ್ಧ ಇಂಚು ಜಾಸ್ತಿ ಬಿಟ್ಟಿದ್ದರು. ಮೇಲಿನ ಸಾಲಿನ ಹೆಂಚು ಕೆಳಗಿನದರ ಮೇಲೆ ಕೂರಲೇ ಇಲ್ಲ. ಒಂದು ಇಡೀ ಮಾಡು ಕತ್ತರಿಸಿ ಮತ್ತೆ ಮಾಡಿಸಿದೆ, ಅದರ ದುಡ್ಡನ್ನೂ ನನ್ನಿಂದಲೇ ವಸೂಲಿ ಮಾಡಿದರು. ಈಗಲೂ ಆ ಮನುಷ್ಯ ಎದುರಿಗೆ ಸಿಕ್ಕಿದರೆ ನಾನು ಮಾತಾಡಿಸುವುದಿಲ್ಲ.

ಆದರೆ ಈಗ ನಮ್ಮ ಮನೆ ನೋಡಬೇಕು ನೀವು. ಏಪ್ರಿಲ್ ಮಧ್ಯಾಹ್ನ ಮಲಗಿದರೆ ಫ್ಯಾನ್ ಬೇಡ. ಗಾಜಿನ ಹೆಂಚು ಮೊದಲಿದ್ದ ಜಾಗದಲ್ಲೇ ಇಟ್ಟಿದ್ದೇವೆ, ದೇವರ ಕೋಣೆಗೆ ಬೆಳಗಿನ ಬೆಳಕು ಹಾಗೇ ಬೀಳುತ್ತದೆ. ನಮ್ಮ ಹೆಂಚಿನ ಮೇಲೆ ಬಾಸೆಲ್ ಮಿಷನ್ 1865 ಅಂತ ಅಚ್ಚು ಇದೆ. ನೂರೈವತ್ತು ವರ್ಷ ದಾಟಿದ ಹೆಂಚು, ಇವತ್ತಿಗೂ ಗಟ್ಟಿ. ಯಾವ ಷೀಟ್ ಇಷ್ಟು ಬಾಳುತ್ತದೆ ಹೇಳಿ.

ತುಂಗಾ ತೀರ
ಸೋಗೆ ಮನೆಯವರೇ, ನಿಮ್ಮ ಲೆಕ್ಕ ಕೂಡಿದರೆ ನಿಮಗೂ ನಾಲ್ಕು ಲಕ್ಷ ದಾಟಿದೆ. ಕತ್ತರಿಸಿ ಮತ್ತೆ ಮಾಡಿಸಿದ್ದು ಬೇರೆ. ಮಂಗ ಒಡೆಯುವುದಂತೂ ನಿಂತಿಲ್ಲ ಅಲ್ವಾ? ಮನೆಯಲ್ಲಿ ಹತ್ತಲು ಗಂಡಾಳು ಇದ್ದವರು ಏನು ಬೇಕಾದರೂ ಹೇಳಬಹುದು. ಇಬ್ಬರೇ ವಯಸ್ಸಾದವರು ಇರುವ ಮನೆಗೆ ಇದನ್ನು ಹೇಳಬೇಡಿ. ಸೆಕೆಗೆ ನಾವು ಒಳಗೆ ಹಳೇ ಮುಚ್ಚಿಗೆ (ಮಾಡಿನ ಕೆಳಗಿನ ಒಳಚಾವಣಿ) ಹಾಗೇ ಬಿಟ್ಟಿದ್ದೇವೆ, ಏನೂ ತೊಂದರೆ ಇಲ್ಲ.

ಸೋಗೆ ಮನೆ
ಮುಚ್ಚಿಗೆ ಇದೆ ಅಂತ ಈಗ ಹೇಳುತ್ತಿದ್ದೀರಿ. ಮಣ್ಣಿನ ಮುಚ್ಚಿಗೆ ಇದ್ದರೆ ಯಾವ ಮಾಡಾದರೂ ತಂಪೇ. ಮೊದಲೇ ಹೇಳಬೇಕಿತ್ತು. ಅದಿಲ್ಲದ ಮನೆಯವರು ನಿಮ್ಮ ಮಾತು ಕೇಳಿ ಷೀಟ್ ಹಾಕಿಸಿದರೆ ಅವರ ಗತಿ?

ಮಲ್ಲಿಗೆ ಅಕ್ಕ
ನಾವು ಉಡುಪಿ ಹತ್ತಿರ. ಹಂಚಿನ ಮನೆ ಕೆಡವಿ 2012ರಲ್ಲಿ ತಾರಸಿ ಕಟ್ಟಿದೆವು. ಎಲ್ಲರೂ ಇನ್ನು ಆರಾಮ ಅಂದರು. ನಾಲ್ಕನೇ ಮಳೆಗೆ ಮಲಗುವ ಕೋಣೆಯ ಮೂಲೆಯಲ್ಲಿ ಒದ್ದೆ ಕಾಣಿಸಿತು. ಮೇಲೆ ಕೆಮಿಕಲ್ ಬಳಿಸಿದೆವು, 68,000. ಐದು ವರ್ಷ ಗ್ಯಾರಂಟಿ ಅಂದಿದ್ದರು, ಎರಡು ಮಳೆಗೆ ಸಿಪ್ಪೆ ಎದ್ದಿತು. ಫೋನ್ ಮಾಡಿದರೆ ತೆಗೆಯುವುದಿಲ್ಲ. ಬೇರೆಯವರನ್ನು ಕರೆಸಿ ಹಳೇದನ್ನು ಕೆರೆಸಿ ಮತ್ತೆ ಹಾಕಿಸಿದ್ದು 85,000. ಅದೂ ಸಾಲದೆ ಈಗ ಅರ್ಧ ತಾರಸಿಗೆ ಮೇಲಿಂದ ಷೀಟ್ ಹಾಕಿಸಿದ್ದೇವೆ, 1,20,000. ನಮ್ಮ ಕರಾವಳಿಯಲ್ಲಿ ತಾರಸಿ ಕಟ್ಟಿ ಆಮೇಲೆ ಮೇಲೆ ಷೀಟ್ ಹೊದಿಸದ ಮನೆ ಎಷ್ಟು ಉಂಟು ಮಾರಾಯ್ರೆ?

ಆದರೂ ನನಗೆ ತಾರಸಿಯೇ ಆಗಬೇಕು. ಉಳಿದ ಅರ್ಧದಲ್ಲಿ ಮಲ್ಲಿಗೆ ಗಿಡ ಇಟ್ಟಿದ್ದೇನೆ, ಎಲ್ಲಾ ಕುಂಡದಲ್ಲಿ. ಕಡಲೆ ಹಿಂಡಿ ನೆನೆಸಿ ಕೊಳೆಸಿದ ನೀರು ಹಾಕುತ್ತೇನೆ, ಬೇವಿನ ಹಿಂಡಿ ಬುಡಕ್ಕೆ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಟ್ಟು ಬಂದರೆ ಆ ದಿನ ನನ್ನದು. ಬೇಸಿಗೆಯಲ್ಲಿ ರಾಶಿ ಹೂ, ರೇಟು ಇಲ್ಲ. ಚಳಿಗೆ ರೇಟು ಏರುತ್ತದೆ, ಹೂವೇ ಇರುವುದಿಲ್ಲ. ಹೂ ಮಾರುವ ಲೆಕ್ಕದಲ್ಲಿ ಒಂದು ಅಟ್ಟೆ ಅಂದರೆ ನಾಲ್ಕು ಚೆಂಡು (ಕಟ್ಟಿದ ಹೂವಿನ ಸುರುಳಿ), ಅಷ್ಟು ಒಂದೇ ದಿನ ನನ್ನ ತಾರಸಿಯಲ್ಲಿ ಆಗುವುದು ಅಪರೂಪ. ಆದ ದಿನ ಮನೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಹಂಚಿನ ಮಾಡಿನ ಮೇಲೆ ಇದು ಆಗುತ್ತದಾ?

ನೇತ್ರಾವತಿ ದಡ
ಸೋಗೆ ಮನೆಯವರಿಗೆ ಒಂದು ಮಾತು. 1865 ಅಂದರೆ ನಿಮ್ಮ ಹೆಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್ನಿನವರು, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯವರು, ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಮೇಲೆ ಬಹಳ ವರ್ಷ ಅದೇ ಇಸವಿ ಅಚ್ಚಿನಲ್ಲಿ ಹಾಕುತ್ತಿದ್ದರು. ಮೊದಲನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಕಾರ್ಖಾನೆಗಳನ್ನು ವಶ ಮಾಡಿಕೊಂಡರು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮಿಷನ್ನಿನ ಹೆಸರು ಇದೆ ಅಂದ ಮೇಲೆ ನಿಮ್ಮದು ನೂರು ವರ್ಷದ್ದಂತೂ ಹೌದು. ನೂರೈವತ್ತು ಅಂತ ಆ ಅಚ್ಚು ನೋಡಿ ಹೇಳಲು ಆಗುವುದಿಲ್ಲ.

ನಮ್ಮ ಮಾವನವರು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನದಿ ದಡದ ಜೇಡಿಮಣ್ಣು ತುಳಿದು, ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಡುವುದು ಎಲ್ಲ ಅವರ ಬಾಯಿಯಿಂದ ಕೇಳಿದ್ದೇನೆ. ಈಗ ಮಂಗಳೂರಿನಲ್ಲಿ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ, ಆ ಚಿಮಣಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಹಳೇ ಹೆಂಚು ತರುವವರು ಒಂದೊಂದನ್ನೂ ಬೆರಳ ಗಂಟಿನಿಂದ ಬಡಿದು ನೋಡಿ. ಖಣ್ ಅಂತ ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗೆ ಸೀಳು ಇದೆ, ಬಿಟ್ಟುಬಿಡಿ.

ಸೋಗೆ ಮನೆ
ನಮ್ಮ ಮನೆ ಕಟ್ಟಿದ್ದು ಯಾವಾಗ ಅಂತ ನಮಗೆ ಗೊತ್ತು ಸ್ವಾಮಿ. ನಮ್ಮ ಮುತ್ತಜ್ಜನ ಕಾಲದ್ದು. ನೀವು ಮಂಗಳೂರಲ್ಲಿ ಕೂತು ನಮ್ಮ ಹೆಂಚಿನ ವಯಸ್ಸು ಹೇಳಬೇಡಿ.

ನೇತ್ರಾವತಿ ದಡ
ವಯಸ್ಸು ಹೇಳಿಲ್ಲ. ಅಚ್ಚಿನ ಅರ್ಥ ಹೇಳಿದೆ. ಹೊಸಬರು ಓದಿ ತಪ್ಪು ತಿಳಿಯಬಾರದು ಅಂತ ಅಷ್ಟೇ.

ಕೊಪ್ಪದ ಕಾಫಿ
ಹೆಂಚು, ಷೀಟು, ತಾರಸಿ ಅಂತ ಬರೆಯುತ್ತಲೇ ಇದ್ದೀರಿ, ಮೊದಲು ಮಂಗನ ವಿಷಯ ಮಾತಾಡಿ. ನಮ್ಮ ಮನೆಗೆ ಅಂಟಿಕೊಂಡೇ ಒಂದು ಹಲಸಿನ ಮರ ಇತ್ತು. ಅದರ ಕೊಂಬೆಯಿಂದ ಮಾಡಿಗೆ ಹಾರುವುದು, ಹೆಂಚು ಎತ್ತಿ ಅಟ್ಟಕ್ಕೆ ಇಳಿಯುವುದು, ಅಟ್ಟದಲ್ಲಿಟ್ಟ ಬಾಳೆಗೊನೆ ಖಾಲಿ. ಪಟಾಕಿ ಹೊಡೆದೆವು, ನಾಯಿ ತಂದೆವು, ಹುಲಿ ಗೊಂಬೆ ಕೂರಿಸಿದೆವು. ಗೊಂಬೆಗೆ ಒಂದು ವಾರ ಹೆದರಿದವು, ಆಮೇಲೆ ಅದರ ತಲೆ ಮೇಲೆ ಕೂತವು. ಹಿತ್ತಲಲ್ಲಿ ಪಪ್ಪಾಯಿ, ಸೀಮೆಬದನೆ, ಬೀನ್ಸ್ ಏನೂ ಉಳಿಯುವುದಿಲ್ಲ. ನನ್ನ ಹೆಂಡತಿ ಸಾಲಾಗಿ ದಾಸವಾಳ ಹಾಕಿದ್ದಳು, ಮೊಗ್ಗು ಮೊಗ್ಗೇ ಕಿತ್ತು ಬಿಸಾಡುತ್ತಿದ್ದವು. ತಿನ್ನುವುದಾದರೆ ತಿನ್ನಲಿ ಅನ್ನಬಹುದು, ಸುಮ್ನೆ ಕಿತ್ತು ಎಸೆದರೆ ಏನು ಮಾಡುವುದು.

ಕೊನೆಗೆ ಮರ ಕಡಿಸಿದೆವು. ಆಳು ಕೂಲಿ, ಮಷಿನ್, ಕೊಂಬೆ ಸಾಗಿಸಿದ್ದು ಎಲ್ಲ ಸೇರಿ 18,000. ಮರದ ದಿಮ್ಮಿ ಕೊಯ್ಸಿ ಎರಡು ಬಾಗಿಲು ಮಾಡಿಸಿದೆವು. ತರಕಾರಿಗೆ ಸುತ್ತಲೂ ಮೇಲೂ ಬಲೆ ಕಟ್ಟಿಸಿದ್ದು 26,000. ಈಗ ಹೆಂಚು ಒಡೆಯುವುದು ಕಾಲು ಭಾಗಕ್ಕೆ ಇಳಿದಿದೆ. ಹೋದ ವಾರ ಬಲೆಯೊಳಗೆ ಸೀಮೆಬದನೆ ಕೊಯ್ದೆವು, ಅಕ್ಕಪಕ್ಕದ ಮನೆಗೂ ಕೊಟ್ಟೆವು.

ಸೋಗೆ ಮನೆ
ಹಲಸಿನ ಮರ ಕಡಿಸಿದಿರಾ? ಕೊಂಬೆ ಸವರಿದ್ದರೆ ಸಾಕಿತ್ತಲ್ಲ. ಕಾಡಿನಲ್ಲಿ ಹಣ್ಣಿನ ಮರ ಕಡಿದು ಕಡಿದೇ ಮಂಗ ಊರಿಗೆ ಬಂದಿದ್ದು.

ಕೊಪ್ಪದ ಕಾಫಿ
ಕೊಂಬೆ ಪ್ರತಿ ವರ್ಷ ಸವರಿಸಿದ್ದೇವೆ, ಪ್ರತಿ ವರ್ಷ ಚಿಗುರಿದೆ. ಆ ಮರ ನೆಟ್ಟಿದ್ದು ನಮ್ಮಜ್ಜಿ. ಕಡಿಯುವ ದಿನ ಅಮ್ಮ ಊಟ ಮಾಡಲಿಲ್ಲ. ನನಗೆ ಖುಷಿಯಾಗಿ ಕಡಿಸಿದೆ ಅಂದುಕೊಳ್ಳಬೇಡಿ. ನಿಮ್ಮ ಅಟ್ಟಕ್ಕೆ ಮಂಗ ಇಳಿದ ದಿನ ಮಾತಾಡೋಣ.

ತುಂಗಾ ತೀರ
ಷೀಟ್ ಮೇಲೆ ಮಂಗ ಕುಣಿದರೆ ಸದ್ದು ಬರುತ್ತದೆ, ಒಡೆಯುವುದಿಲ್ಲ. ನಾನು ಹೇಳಿದ್ದು ಇದನ್ನೇ.

ಕೊಪ್ಪದ ಕಾಫಿ
ಒಡೆಯುವುದಿಲ್ಲ, ತಗ್ಗು ಬೀಳುತ್ತದೆ. ನಮ್ಮ ಒಲೆಮನೆಗೆ ಷೀಟೇ ಇದೆ. ತಗ್ಗಲ್ಲಿ ನೀರು ನಿಂತು ಬಣ್ಣ ಎದ್ದು ತುಕ್ಕು ಹಿಡಿದಿದೆ. ಬಂದು ನೋಡಿ.

ಹೊಸನಗರದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ಅಡುಗೆ ಮನೆ ಕಡೆ ಮಾತ್ರ ಸೋರುವುದು. ಅಷ್ಟಕ್ಕೆ ಮಾತ್ರ ಏನಾದರೂ ಮಾಡಿಸಬಹುದಾ? ಮುಚ್ಚಿಗೆ ಇಲ್ಲ ನಮ್ಮಲ್ಲಿ.

ನೇತ್ರಾವತಿ ದಡ
ಪಶ್ಚಿಮ ಅಂದರೆ ಮಳೆ ಹೊಡೆಯುವ ಕಡೆ. ಆ ಮಾಡಿನ ಇಳಿಜಾರು ಉಳಿದದ್ದಕ್ಕಿಂತ ಕಡಿಮೆ ಇದೆಯಾ ನೋಡಿ. ಆಮೇಲೆ ಅಡುಗೆ ಮನೆ ಸೇರಿಸಿ ಕಟ್ಟಿದ್ದಾದರೆ ಎರಡು ಮಾಡು ಕೂಡುವ ಕಡೆ ತಗಡಿನ ದೋಣಿ ಇರುತ್ತದೆ, ಅದು ತೂತಾಗಿರಬಹುದು. ನಮ್ಮದೂ ಅಲ್ಲೇ ಸೋರುತ್ತಿತ್ತು. ಎರಡು ಸಲ ಹೆಂಚು ಬದಲಾಯಿಸಿ ದುಡ್ಡು ತೆಗೆದುಕೊಂಡು ಹೋದರು, ದೋಣಿಯಲ್ಲಿ ತುಂಬಿದ್ದ ಎಲೆ ಯಾರೂ ತೆಗೆಯಲಿಲ್ಲ. ಆಮೇಲೆ ಅಗಲದ ದೋಣಿ ಹಾಕಿಸಿದೆವು, 7,200 ಆಯಿತು.

ತುಂಗಾ ತೀರ
ತುಂಡು ತುಂಡು ರಿಪೇರಿ ಮಾಡಿಸಿ ನಾವೂ ವರ್ಷಗಟ್ಟಲೆ ದುಡ್ಡು ಕಳೆದೆವು. ಮಾಡಿಸುವುದಾದರೆ ಪೂರ್ತಿ ಮಾಡಿಸಿ.

ಕೊಪ್ಪದ ಕಾಫಿ
ಮಲ್ಲಿಗೆ ಅಕ್ಕ, ಒಂದು ಕೇಳಬೇಕು. ತಾರಸಿ ಮೇಲೆ ಅಷ್ಟು ಕುಂಡ ಇಟ್ಟು ದಿನಾ ನೀರು ಹಾಕಿದರೆ ಸೋರದೆ ಇನ್ನೇನಾಗುತ್ತದೆ? ಕೆಮಿಕಲ್‌ನವರನ್ನು ಬೈದು ಪ್ರಯೋಜನ ಇಲ್ಲ.

ಮಲ್ಲಿಗೆ ಅಕ್ಕ
ಸೋರಿದ್ದು ಗಿಡ ಇಡುವ ಮೊದಲು. ಸರಿಯಾಗಿ ಓದಿ. ಕುಂಡ ಎಲ್ಲಾ ಇಟ್ಟಿಗೆ ಮೇಲೆ ಎತ್ತರಿಸಿ ಇಟ್ಟಿದ್ದೇನೆ, ಕೆಳಗೆ ನೀರು ನಿಲ್ಲುವುದಿಲ್ಲ, ಮಳೆಗಾಲ ಶುರುವಾಗುವ ಮೊದಲು ಕೊಳವೆ ಬಾಯಿ ನಾನೇ ಗುಡಿಸುತ್ತೇನೆ. ಒದ್ದೆ ಬಂದಿದ್ದು ಷೀಟ್ ಇರುವ ಭಾಗದ ಕೆಳಗಿನ ಕೋಣೆಗೆ, ಗಿಡ ಇರುವ ಕಡೆ ಇವತ್ತಿಗೂ ಒಣ. ಗಿಡಕ್ಕೆ ಯಾರೂ ಹೆಸರು ಹಾಕಬೇಡಿ. ನನ್ನ ಮಗಳ ಕಾಲೇಜು ಫೀಸು ಆ ಹೂವಿನಿಂದ ಕಟ್ಟಿದ್ದು.

ಸೋಗೆ ಮನೆ
ತುಂಗಾ ತೀರದವರೇ, ಇಳಿಸಿದ ಹೆಂಚು ಏನು ಮಾಡಿದಿರಿ? ಮಾರಿದಿರಾ?

ತುಂಗಾ ತೀರ
ಇಲ್ಲ, ಕೊಟ್ಟಿಗೆ ಹಿಂದೆ ಜೋಡಿಸಿಟ್ಟಿದ್ದೇವೆ. ಸಾವಿರದ ಎಂಟುನೂರು ಚೆನ್ನಾಗಿರುವುದು ಇರಬಹುದು.

ಸೋಗೆ ಮನೆ
ನಮ್ಮ ಕೊಟ್ಟಿಗೆಗೆ ಬೇಕು. 12ಕ್ಕೆ ಕೊಡುತ್ತೀರಾ?

ತುಂಗಾ ತೀರ
20. ಅಪ್ಪ ಒಂದೊಂದನ್ನೂ ತೊಳೆದು ಇಟ್ಟಿದ್ದಾರೆ.

ಸೋಗೆ ಮನೆ
ಹಳೇ ಹೆಂಚಿಗೆ 20 ಯಾರೂ ಕೊಡುವುದಿಲ್ಲ. ಗಾಡಿ ಬಾಡಿಗೆ ಬೇರೆ ನನ್ನದೇ. 15 ಮಾಡಿ, ಬಂದು ಬಡಿದು ನೋಡಿ ತೆಗೆದುಕೊಂಡು ಹೋಗುತ್ತೇನೆ.

ಕೊಪ್ಪದ ಕಾಫಿ
18ಕ್ಕೆ ನನಗೆ ಐನೂರು ಇಡಿ. ಮೂಲೆ ಹೆಂಚು ಇದ್ದರೆ ಅದೂ ಬೇಕು.