ಅದಿರಿನ ಪುಡಿ: ಡಬ್ಬಿ ಪರೀಕ್ಷೆ ಪಾಸಾದರೆ ಲೋಡ್ ಮಾಡಬಹುದೇ?

ಪ್ರಶ್ನೆ: ಕಬ್ಬಿಣದ ಅದಿರಿನ ಪುಡಿ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಹಡಗು ಹೊರಟ ಮೇಲೆ ಅದು ಕೆಸರಾಗುವುದು ಹೇಗೆ? ಪುಡಿಯನ್ನು ಡಬ್ಬಿಗೆ ಹಾಕಿ ಕುಟ್ಟಿ, ನೀರು ಜಿನುಗುತ್ತದೆಯೇ ಎಂದು ನೋಡುವ ಡಬ್ಬಿ ಪರೀಕ್ಷೆ ಸಾಕೇ?

ಉತ್ತರ 1: ಖಂಡಿತ ಸಾಲದು ಸರ್. ಅಲೆ, ಎಂಜಿನ್ ಕಂಪನಕ್ಕೆ ಪುಡಿ ಕುಸಿದು ಕೂರುತ್ತದೆ. ಕಣಗಳ ನಡುವಿನ ಜಾಗ ಕುಗ್ಗಿ ಅಲ್ಲಿರುವ ನೀರಿನ ಒತ್ತಡ ಏರಿದಾಗ ಕಣಗಳ ಹಿಡಿತವೇ ತಪ್ಪುತ್ತದೆ. ಹಡಗು ವಾಲಿದ ಕಡೆಗೆ ಸರಕು ಹರಿಯುತ್ತದೆ, ಹಡಗು ಮತ್ತೆ ಆಚೆ ವಾಲಿದಾಗ ಪೂರ್ತಿ ಹಿಂದೆ ಬರುವುದಿಲ್ಲ; ಹೀಗೆ ಹಡಗು ಒಂದೇ ಕಡೆ ವಾಲುತ್ತಾ ಮಗುಚಬಹುದು. 2009ರ ಜುಲೈನಲ್ಲಿ ಮಂಗಳೂರಿನಾಚೆ ಮುಳುಗಿದ 'ಏಷ್ಯನ್ ಫಾರೆಸ್ಟ್' ಹಡಗು ಹೊತ್ತಿದ್ದು ಇದೇ ಸರಕು.

ಉತ್ತರ 2: ಎಷ್ಟು ತೇವದವರೆಗೆ ಲೋಡ್ ಮಾಡಬಹುದು ಎಂಬ ಲೆಕ್ಕ ಹೀಗೆ: ಸರಕು ಹರಿಯತೊಡಗುವ ತೇವಾಂಶವನ್ನು ಲ್ಯಾಬ್‌ನಲ್ಲಿ ಕಂಡುಕೊಂಡು, ಅದರ 90% ಅನ್ನು ಸಾಗಣೆಯ ಮಿತಿ ಎನ್ನುತ್ತಾರೆ. 10%ಕ್ಕೆ ಹರಿದರೆ ಮಿತಿ 9%. ಮಿತಿಯ ಪರೀಕ್ಷೆ ಆರು ತಿಂಗಳೊಳಗಿನದಿರಬೇಕು. ತೇವಾಂಶದ ಮಾದರಿ ತೆಗೆದ ಏಳು ದಿನದೊಳಗೆ ಲೋಡಿಂಗ್ ಆಗಬೇಕು. ನಡುವೆ ಜೋರು ಮಳೆ ಬಂದರೆ ಹಳೆಯ ಪ್ರಮಾಣಪತ್ರ ನಂಬಬೇಡಿ, ಮತ್ತೆ ಪರೀಕ್ಷಿಸಿ. ರಾಶಿಯ ಮೇಲ್ಪದರದ ಮಾದರಿ ಮಾತ್ರ ಕಳಿಸುವುದೇ ದೊಡ್ಡ ತಪ್ಪು, ತೇವವೆಲ್ಲ ಬುಡದಲ್ಲಿರುತ್ತದೆ.

ಉತ್ತರ 3: ಡಬ್ಬಿ ಪರೀಕ್ಷೆಯ ಕ್ರಮ: ಅರ್ಧದಿಂದ ಒಂದು ಲೀಟರಿನ ಡಬ್ಬಿ ಅರ್ಧ ತುಂಬಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಿ. ಮೇಲೆ ನೀರು ಜಿನುಗಿದರೆ ಲೋಡಿಂಗ್ ನಿಲ್ಲಿಸಿ, ಮಾದರಿ ಲ್ಯಾಬ್‌ಗೆ ಕಳಿಸಿ. ಜಿನುಗದಿದ್ದರೂ ಸುರಕ್ಷಿತ ಎಂದರ್ಥವಲ್ಲ; ತೇವ ಮಿತಿ ಮೀರಿರಬಹುದು.