ವಾಕರ್ ಹಿಡಿದು ನಡೆಯುವ ರೋಗಿಯ ಓಡಾಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಫಿಸಿಯೋಥೆರಪಿಸ್ಟ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೂಳೆ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿದುಕೊಂಡ ಹಿರಿಯರೇ ನಮ್ಮಲ್ಲಿ ಹೆಚ್ಚು. ಅವರನ್ನು ದಿನಕ್ಕೆರಡು ಸಲ ಎಬ್ಬಿಸಿ ನಡೆಸುತ್ತೇನೆ. ಉಳಿದ ಹೊತ್ತಿನಲ್ಲಿ ಅವರು ಎದ್ದಿದ್ದರೋ ಮಲಗಿಯೇ ಇದ್ದರೋ ನನಗೆ ತಿಳಿಯುವುದಿಲ್ಲ. ಕೇಸ್ ಶೀಟಿನಲ್ಲಿ ‘ನಡೆಸಲಾಗಿದೆ’ ಎಂದು ಬರೆದರೆ ಹತ್ತು ಹೆಜ್ಜೆಯೂ ಅದೇ, ನೂರು ಹೆಜ್ಜೆಯೂ ಅದೇ. ಮನೆಯವರನ್ನು ಕೇಳಿದರೆ, ನಮ್ಮನ್ನು ನೋಯಿಸಬಾರದೆಂದೋ ಏನೋ, ‘ಚೆನ್ನಾಗಿ ಓಡಾಡಿದರು’ ಎಂದೇ ಹೇಳುತ್ತಾರೆ.

ಅದಕ್ಕಾಗಿ ಕಳೆದ ತಿಂಗಳು ಹೆಜ್ಜೆ ಎಣಿಸುವ ಬ್ಯಾಂಡ್ ಒಂದನ್ನು ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರ ಒಪ್ಪಿಗೆ ಪಡೆದು ಅವರ ಮಣಿಕಟ್ಟಿಗೆ ಕಟ್ಟಿದೆ. ಅವರು ವಾಕರ್ ಹಿಡಿದು ಹಾಸಿಗೆಯಿಂದ ಕಿಟಕಿಯವರೆಗೆ ಹೋಗಿ ಬರುವಾಗ ಪಕ್ಕದಲ್ಲೇ ಇದ್ದು ನಾನು ಬಾಯಲ್ಲಿ ಎಣಿಸಿದ್ದು 42 ಹೆಜ್ಜೆ, ಬ್ಯಾಂಡ್ ತೋರಿಸಿದ್ದು 6. ಅದೇ ಮಧ್ಯಾಹ್ನ ಕರೆಂಟು ಹೋದಾಗ ಅಜ್ಜಿ ಕೂತಲ್ಲಿಯೇ ಬೀಸಣಿಗೆಯಿಂದ ಗಾಳಿ ಹಾಕಿಕೊಂಡರು. ಆಗ ಮಾತ್ರ ಲೆಕ್ಕ ಏರುತ್ತಾ ಹೋಯಿತು. ಇಂಥ ರೋಗಿಗಳಿಗೆ ಯಾವ ಬಗೆಯ ಸಾಧನ ಸರಿ, ಅದನ್ನು ಎಲ್ಲಿ ಕಟ್ಟಬೇಕು, ದಿನಕ್ಕೆ ಎಷ್ಟು ಹೆಜ್ಜೆಯನ್ನು ಗುರಿಯಾಗಿ ಇಟ್ಟುಕೊಳ್ಳಬಹುದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವೈದ್ಯಕೀಯ ಉಪಕರಣಗಳ ಎಂಜಿನಿಯರ್, ಬೆಂಗಳೂರು

ಮೇಡಂ, ನಿಮ್ಮ ಬ್ಯಾಂಡ್ ಕೆಟ್ಟಿಲ್ಲ, ಅದನ್ನು ಕಟ್ಟಿದ ಜಾಗ ಸರಿಯಿಲ್ಲ. ಅದರೊಳಗಿನ ಅಕ್ಸೆಲರೋಮೀಟರ್, ಅಂದರೆ ಅಲುಗಾಟವನ್ನು ಅಳೆಯುವ ಸೆನ್ಸರ್, ಹೆಜ್ಜೆಯನ್ನು ನೇರವಾಗಿ ಕಾಣುವುದಿಲ್ಲ. ತೋಳು ಲಯಬದ್ಧವಾಗಿ ಬೀಸಿದಾಗ ಅದನ್ನು ಹೆಜ್ಜೆಯೆಂದು ಊಹಿಸುತ್ತದೆ. ಎರಡೂ ಕೈ ವಾಕರಿನ ಹಿಡಿಯ ಮೇಲಿದ್ದರೆ ತೋಳು ಬೀಸುವುದೇ ಇಲ್ಲ. ಜೊತೆಗೆ ನಿಮ್ಮ ರೋಗಿಗಳು ಕಾಲೆಳೆದು ಬಹಳ ನಿಧಾನವಾಗಿ ನಡೆಯುವುದರಿಂದ ಆ ಅಲುಗಾಟವು ಸಾಧನದ ಲೆಕ್ಕಾಚಾರದ ಮಿತಿಗಿಂತ ಕೆಳಗೇ ಉಳಿಯುತ್ತದೆ. ಹೆಜ್ಜೆಯೇ ಬೇಕೆಂದರೆ ಪಾದದ ಗಂಟಿನ ಮೇಲೆ ಕಟ್ಟುವ ಸಾಧನ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಎಷ್ಟೇ ನಿಧಾನವಾಗಿ ನಡೆದರೂ ಕಾಲು ಮುಂದಕ್ಕೆ ಹೋಗಲೇಬೇಕು.

ಆದರೆ ನೀವು ನಿಜವಾಗಿ ತಿಳಿಯಬೇಕೆಂದಿರುವುದು ಹೆಜ್ಜೆಯನ್ನಲ್ಲ, ರೋಗಿ ಎಷ್ಟು ಹೊತ್ತು ಎದ್ದಿದ್ದರು ಎಂಬುದನ್ನು ಎಂದು ನನಗೆ ತೋರುತ್ತದೆ. ಅದಕ್ಕೆ ತೊಡೆಯ ಮುಂಭಾಗಕ್ಕೆ ಅಂಟಿಸುವ ಸಣ್ಣ ಸೆನ್ಸರ್ ಒಳ್ಳೆಯದು. ಸಂಶೋಧನೆಯಲ್ಲಿ ಬಹಳವಾಗಿ ಬಳಕೆಯಾಗಿರುವ ಆಕ್ಟಿವ್‌ಪಾಲ್ ಇದೇ ಬಗೆಯದು. ನಿಂತಾಗ ತೊಡೆ ನೆಟ್ಟಗಿರುತ್ತದೆ, ಕೂತಾಗಲೂ ಮಲಗಿದಾಗಲೂ ಅಡ್ಡವಾಗಿರುತ್ತದೆ. ಗುರುತ್ವದ ದಿಕ್ಕಿಗೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗಿ ಸಿಗುವುದರಿಂದ ನಡಿಗೆಯ ವೇಗ ಇಲ್ಲಿ ಅಡ್ಡಿಯಾಗುವುದಿಲ್ಲ. ಕೂತಿರುವುದನ್ನೂ ಮಲಗಿರುವುದನ್ನೂ ಬೇರೆ ಮಾಡಲು ಮೊಣಕಾಲಿನ ಕೆಳಗೆ ಇನ್ನೊಂದು ಸೆನ್ಸರ್ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾಗದ ಕಾಲಿಗೇ ಅಂಟಿಸಿ. ಮೊಬೈಲ್ ಆ್ಯಪಿನಲ್ಲಿ ರೋಗಿಯ ಹೆಸರಿನ ಬದಲು ಸಂಖ್ಯೆಯನ್ನಷ್ಟೇ ನಮೂದಿಸಿ.

ಉತ್ತರ 2: ವೃದ್ಧರ ಆರೋಗ್ಯ ನೋಡಿಕೊಳ್ಳುವ ವೈದ್ಯ, ಮಂಗಳೂರು

ಗುರಿಯ ಸಂಖ್ಯೆಯ ಬಗ್ಗೆ ಸ್ವಲ್ಪ ಎಚ್ಚರಿಕೆ ಬೇಕು. ಆಸ್ಪತ್ರೆಯಲ್ಲಿರುವ ಹಿರಿಯರು ದಿನಕ್ಕೆ 900 ಹೆಜ್ಜೆಗಿಂತ ಕಡಿಮೆ ನಡೆದರೆ ಅವರ ದೈನಂದಿನ ಸಾಮರ್ಥ್ಯ ಕುಗ್ಗುವ ಸಂಭವ ಹೆಚ್ಚೆಂದು 2017ರಲ್ಲಿ ಇಸ್ರೇಲಿನಿಂದ ವರದಿ ಬಂತು. ಲಾಸ್ ಏಂಜಲೀಸಿನ ಸೀಡರ್ಸ್ ಸೈನಾಯ್ ಆಸ್ಪತ್ರೆಯವರು ದೊಡ್ಡ ಶಸ್ತ್ರಚಿಕಿತ್ಸೆಯಾದ 100 ಮಂದಿಗೆ ಫಿಟ್‌ಬಿಟ್ ಎಂಬ ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿ, ಮೊದಲ ದಿನ ನಡೆದ ಹೆಜ್ಜೆಗಳು ಹೆಚ್ಚಿದಂತೆ ಆಸ್ಪತ್ರೆವಾಸ ಉದ್ದವಾಗುವ ಸಂಭವ ತಗ್ಗುವುದನ್ನೂ, 1000 ಹೆಜ್ಜೆಗಳ ಆಚೆಗೆ ಹೆಚ್ಚಿನ ಲಾಭ ಕಾಣದಿರುವುದನ್ನೂ 2019ರಲ್ಲಿ ಪ್ರಕಟಿಸಿದರು. ಇವು ಯಾವುವೂ ಸೊಂಟದ ಮೂಳೆ ಮುರಿದ ನಿಮ್ಮ ಅಜ್ಜಿಯಂಥವರಿಗೆಂದು ನಿಗದಿಯಾದ ಗುರಿಗಳಲ್ಲ. ಕಾಯಿಲೆ ಕಡಿಮೆ ಇದ್ದವರು ಸಹಜವಾಗಿಯೇ ಹೆಚ್ಚು ನಡೆದಿರುತ್ತಾರೆ, ಆದ್ದರಿಂದ ನಡೆದಿದ್ದರಿಂದಲೇ ಬೇಗ ಗುಣವಾದರೆಂದು ಈ ಲೆಕ್ಕಗಳಿಂದ ಹೇಳಲಾಗದು.

ಹಾಗೆಂದು ಅಳೆಯುವುದು ವ್ಯರ್ಥವಲ್ಲ. ಅಮೆರಿಕದ ಅಲಬಾಮಾದಲ್ಲಿ 65 ದಾಟಿದ 45 ಮಾಜಿ ಸೈನಿಕರಿಗೆ ಸೆನ್ಸರ್ ಕಟ್ಟಿ ನೋಡಿದಾಗ, ದಾಖಲಾಗುವ ಮುನ್ನ ನಡೆಯುತ್ತಿದ್ದ ಆ ಜನ ಅಳೆದ ಅವಧಿಯ ಸರಾಸರಿ ಶೇ. 83 ಭಾಗವನ್ನು ಹಾಸಿಗೆಯಲ್ಲಿ ಮಲಗಿಯೇ ಕಳೆದಿದ್ದರು. ನಿಂತದ್ದು ಮತ್ತು ನಡೆದದ್ದು ಸೇರಿ ದಿನಕ್ಕೆ ಸುಮಾರು 43 ನಿಮಿಷ. 2009ರಲ್ಲಿ ಪ್ರಕಟವಾದ ಈ ಅಂಕಿಯನ್ನು ಓದಿದ ಮೇಲೆ ನಾನು ರೌಂಡ್ಸಿಗೆ ಹೋದಾಗ ರೋಗಿಗಳನ್ನು ಮಲಗಿಸಿ ಪರೀಕ್ಷಿಸುವ ಬದಲು ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸಲು ಆರಂಭಿಸಿದೆ. ಆರೋಗ್ಯವಂತ ಹಿರಿಯರೇ ಹತ್ತು ದಿನ ಹಾಸಿಗೆ ಹಿಡಿದರೆ ಕಾಲುಗಳಲ್ಲಿ ಸುಮಾರು ಒಂದು ಕೆ.ಜಿ. ಮಾಂಸಖಂಡ ಕರಗುತ್ತದೆಂದು 2007ರ ಇನ್ನೊಂದು ಅಧ್ಯಯನ ತೋರಿಸಿದೆ. ಪ್ರತಿ ರೋಗಿಯನ್ನು ಅವರ ನಿನ್ನೆಯ ಲೆಕ್ಕದೊಂದಿಗೆ ಮಾತ್ರ ಹೋಲಿಸಿ ಎಂಬುದು ನನ್ನ ಸಲಹೆ.

ಉತ್ತರ 3: ಸ್ಟಾಫ್ ನರ್ಸ್, ಹುಬ್ಬಳ್ಳಿ

ನಮ್ಮಲ್ಲಿ ತೊಡೆಯ ಸೆನ್ಸರನ್ನು ಒಂದು ತಿಂಗಳು ಬಳಸಿ ನೋಡಿದ್ದೇವೆ. ನೀರು ತಾಗದ ಪಾರದರ್ಶಕ ಡ್ರೆಸಿಂಗ್ ಹಾಕಿ ಅಂಟಿಸಿದರೆ ಸ್ನಾನಕ್ಕೆ ತೊಂದರೆಯಿಲ್ಲ, ಆದರೆ ವಯಸ್ಸಾದವರ ಚರ್ಮ ತೆಳುವಾದದ್ದರಿಂದ ದಿನವೂ ಅಂಚು ಎತ್ತಿ ಕೆಂಪಾಗಿದೆಯೇ ಎಂದು ನೋಡಲೇಬೇಕು. ಎಂಆರ್‌ಐಗೆ ಕಳುಹಿಸುವ ಮುನ್ನ ತೆಗೆಯುವುದನ್ನು ಮರೆಯಬಾರದು. ತೆಗೆದ ಮೇಲೆ ಸ್ಪಿರಿಟ್‌ನಿಂದ ಒರೆಸದೆ ಇನ್ನೊಬ್ಬರಿಗೆ ಹಾಕಬಾರದು.

ಒಂದು ಮಾತು ಮಾತ್ರ ಮನಸ್ಸಿನಿಂದ ಹೇಳುತ್ತೇನೆ. ನಮ್ಮ ಲೆಕ್ಕಗಳೆಲ್ಲ ಡಿಸ್ಚಾರ್ಜ್ ದಿನ ಕಂಪ್ಯೂಟರಿಗೆ ಹೋದವು, ಅಷ್ಟರಲ್ಲಿ ರೋಗಿ ಮನೆಗೆ ಹೊರಟಿರುತ್ತಿದ್ದರು. ಮೂವತ್ತು ರೋಗಿಗಳಿಗೆ ಇಬ್ಬರು ನರ್ಸುಗಳಿರುವ ರಾತ್ರಿ ಶಿಫ್ಟಿನಲ್ಲಿ ಹೊಸ ಪರದೆಯೊಂದನ್ನು ನೋಡಲು ಯಾರಿಗೂ ಬಿಡುವಿಲ್ಲ. ಕೊನೆಯ ವಾರ ನಾವು ಹಿಂದಿನ ದಿನ ಎದ್ದಿದ್ದ ನಿಮಿಷಗಳನ್ನು ಬೆಳಿಗ್ಗೆ ಹಾಸಿಗೆಯ ಕಾಲ್ದೆಸೆಯಲ್ಲಿ ಚೀಟಿಯಾಗಿ ಬರೆದು ಅಂಟಿಸಿದೆವು. ‘ಅಪ್ಪಾ, ನಿನ್ನೆ ಇಪ್ಪತ್ತು ನಿಮಿಷ ಅಂತ ಬರೆದಾರ, ಏಳ್ರಿ’ ಎಂದು ಮಗನೇ ಕೈಹಿಡಿದು ಎಬ್ಬಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹೆಜ್ಜೆಯನ್ನು ಬಿಟ್ಟು ಎದ್ದಿದ್ದ ನಿಮಿಷಗಳನ್ನೇ ಅಳೆಯುತ್ತೇನೆ, ಚೀಟಿಯನ್ನೂ ಅಂಟಿಸುತ್ತೇನೆ. ಎಂಜಿನಿಯರ್ ಸರ್, ವಾರ್ಡಿಗೆ ತರುವ ಮುನ್ನ ಸಾಧನವನ್ನು ಪರೀಕ್ಷಿಸುವುದು ಹೇಗೆ?

ಉತ್ತರ 1ರವರು

ಅಜ್ಜಿಯ ವಿಷಯದಲ್ಲಿ ಮಾಡಿದಂತೆಯೇ, ಮೇಡಂ. ಹತ್ತು ರೋಗಿಗಳ ಪಕ್ಕದಲ್ಲಿ ತಲಾ ಅರ್ಧ ಗಂಟೆ ಗಡಿಯಾರ ಹಿಡಿದು ಕುಳಿತು, ಎದ್ದ ಮತ್ತು ಕೂತ ಹೊತ್ತನ್ನು ಬರೆದುಕೊಂಡು, ಆಮೇಲೆ ಸೆನ್ಸರಿನ ದಾಖಲೆಯ ಪಕ್ಕದಲ್ಲಿಟ್ಟು ನೋಡಿ.